ಒಂದು ಎಕರೆಯಿಂದ ಆರಂಭಿಸಿ: ಮಲೆನಾಡಿನ ಹಳೆಯ ತೋಟದಲ್ಲಿ ಸ್ಪೆಷಾಲಿಟಿ ಕಾಫಿ ಬೆಳೆಯುವ ಬಗೆ

ಮಲೆನಾಡಿನ ಕಾಫಿ ಬೆಳೆಗಾರರ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಒಂದು ರೂಢಿಯಿದೆ. ಚೆನ್ನಾಗಿ ಹಣ್ಣಾಗಿ, ಚೆನ್ನಾಗಿ ಒಣಗಿದ ಕಾಫಿಯೆಲ್ಲ ಮಾರಾಟದ ಚೀಲಕ್ಕೆ ಹೋಗುತ್ತದೆ. ಗಿಡದ ಬುಡದಲ್ಲಿ ಹೆಕ್ಕಿದ್ದು, ಕಣದ ಮೂಲೆಯಲ್ಲಿ ಗುಡಿಸಿ ಉಳಿದದ್ದು ಮನೆಯ ಪುಡಿಯಾಗುತ್ತದೆ. ಹೀಗಾಗಿ ಐವತ್ತು ವರ್ಷ ಕಾಫಿ ಬೆಳೆದವರೂ ತಮ್ಮ ತೋಟದ ಅತ್ಯುತ್ತಮ ಕಾಫಿಯ ರುಚಿಯನ್ನು ಒಮ್ಮೆಯೂ ನೋಡದೆ ಇರುವುದುಂಟು. ಸ್ಪೆಷಾಲಿಟಿ ಕಾಫಿ ಬೆಳೆಯಬೇಕೆಂದು ಮನಸ್ಸು ಮಾಡಿದವರು ಹೊಸ ತಳಿಯನ್ನೋ ಹೊಸ ಯಂತ್ರವನ್ನೋ ತರುವ ಮೊದಲು ಈ ರೂಢಿಯನ್ನು ಬಿಡಬೇಕು. ತನ್ನ ಕಾಫಿಯ ರುಚಿಯನ್ನು ತಾನೇ ಅರಿಯದ ಬೆಳೆಗಾರ ಅದನ್ನು ಉತ್ತಮಪಡಿಸಲು ಎಲ್ಲಿ ಕೈ ಹಾಕಬೇಕೆಂಬುದನ್ನೂ ಅರಿಯಲಾರ.

ಈ ಸ್ಥಿತಿಗೆ ಚಾರಿತ್ರಿಕ ಕಾರಣವೂ ಇದೆ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಅವರು ಯೆಮನ್‌ನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ನಂಬಿಕೆಯನ್ನು ಬಲ್ಲ ನಾವು, ಕಳೆದ ಶತಮಾನದಲ್ಲಿ ನಮ್ಮ ಕಾಫಿ ಹೇಗೆ ಮಾರಾಟವಾಯಿತೆಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. 1942ರ ಕಾಫಿ ಕಾಯ್ದೆಯ ನಂತರ ಬೆಳೆಗಾರರ ಕಾಫಿಯೆಲ್ಲ ಕಾಫಿ ಮಂಡಳಿಯ ಒಟ್ಟು ಸಂಗ್ರಹವಾದ ಪೂಲ್‌ಗೆ ಸೇರುತ್ತಿತ್ತು. 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡ ಆ ವ್ಯವಸ್ಥೆ 1996ರಲ್ಲಿ ಕೊನೆಗೊಂಡಿತು. ಬೆಲೆ ಕುಸಿದ ವರ್ಷಗಳಲ್ಲಿ ಪೂಲ್ ಅನೇಕ ಸಣ್ಣ ಬೆಳೆಗಾರರನ್ನು ಉಳಿಸಿತೆಂಬುದನ್ನು ಮರೆಯಬಾರದು. ಆದರೆ ಅಲ್ಲಿ ಒಬ್ಬರ ತೋಟದ ಕಾಫಿ ಇನ್ನೊಬ್ಬರದರೊಡನೆ ಬೆರೆಯುತ್ತಿತ್ತು, ಕುಡಿದವರ ಮಾತು ಬೆಳೆದವರಿಗೆ ತಲುಪುತ್ತಿರಲಿಲ್ಲ. ಮುಕ್ತ ಮಾರುಕಟ್ಟೆ ಬಂದ ಮೇಲೂ ಊರಿನ ವ್ಯಾಪಾರಿ ತೇವಾಂಶ, ಔಟ್‌ಟರ್ನ್ (ಒಣಗಿದ ಕಾಫಿಯಿಂದ ಸಿಗುವ ಬೀಜದ ಪ್ರಮಾಣ) ಮತ್ತು ಬೀಜದ ಗಾತ್ರವನ್ನು ನೋಡಿ ಬೆಲೆ ಕಟ್ಟುತ್ತಾನೆಯೇ ಹೊರತು ರುಚಿ ನೋಡಿ ಅಲ್ಲ. ಸ್ಪೆಷಾಲಿಟಿ ಕಾಫಿಯ ಕೆಲಸವೆಂದರೆ ಬೆರೆತದ್ದನ್ನು ಮತ್ತೆ ಬೇರ್ಪಡಿಸುವುದು: ಈ ಬ್ಲಾಕಿನದು, ಈ ತಳಿಯದು, ಈ ದಿನ ಕೊಯ್ದದ್ದು ಎಂದು ಗುರುತು ಕೆಡದಂತೆ ಬಟ್ಟಲಿನವರೆಗೆ ಕೊಂಡೊಯ್ಯುವುದು.

ಸ್ಪೆಷಾಲಿಟಿ ಎಂಬುದಕ್ಕೆ ಅಳತೆಯಿದೆ. ತರಬೇತಿ ಪಡೆದ ರುಚಿಪರೀಕ್ಷಕರು ನೂರಕ್ಕೆ ಕೊಡುವ ಅಂಕಗಳಲ್ಲಿ 80 ಅಥವಾ ಅದಕ್ಕಿಂತ ಹೆಚ್ಚು ಬಂದ ಕಾಫಿಗೆ ಆ ಹೆಸರು ಸಲ್ಲುತ್ತದೆ. ಹುರಿಯದ ಹಸಿರು ಬೀಜದ 350 ಗ್ರಾಂ ಮಾದರಿಯಲ್ಲಿ ಪೂರ್ತಿ ಕಪ್ಪಾದ ಬೀಜ, ಪೂರ್ತಿ ಹುಳಿತ ಬೀಜ, ಬೂಷ್ಟು ಹಿಡಿದದ್ದು, ಒಣಗಿದ ಇಡೀ ಹಣ್ಣು, ಕಲ್ಲು ಕಡ್ಡಿ, ತೀವ್ರ ಹುಳುಕು ಮುಂತಾದ ಪ್ರಾಥಮಿಕ ದೋಷಗಳು ಒಂದೂ ಇರಬಾರದು. ಚಿಕ್ಕಪುಟ್ಟ ದೋಷಗಳ ಲೆಕ್ಕ ಐದನ್ನು ಮೀರಬಾರದು. ಅಮೆರಿಕ ಮತ್ತು ಯುರೋಪಿನ ಸಂಘಟನೆಗಳು ಒಂದಾಗಿ 2017ರಲ್ಲಿ ರೂಪುಗೊಂಡ ಸ್ಪೆಷಾಲಿಟಿ ಕಾಫಿ ಅಸೋಸಿಯೇಷನ್ ಈಗ ಮೌಲ್ಯಮಾಪನದ ಕ್ರಮವನ್ನೇ ವಿಸ್ತರಿಸುತ್ತಿದೆಯಾದರೂ, ತೋಟದಲ್ಲಿ ನಿಂತವರಿಗೆ 80 ಎಂಬ ಗೆರೆ ಮತ್ತು ದೋಷಗಳ ಈ ಲೆಕ್ಕ ಆರಂಭಕ್ಕೆ ಸಾಕು.

ಬ್ಲಾಕಿನ ಆಯ್ಕೆ ಮತ್ತು ತಳಿ

ಇಡೀ ತೋಟವನ್ನು ಒಮ್ಮೆಗೇ ಸ್ಪೆಷಾಲಿಟಿಗೆ ತಿರುಗಿಸಬಾರದು. ಒಂದು ಎಕರೆ, ಹೆಚ್ಚೆಂದರೆ ಎರಡು ಎಕರೆಯ ಒಂದು ಬ್ಲಾಕನ್ನು ಆರಿಸಿಕೊಳ್ಳಿ. ಅರೇಬಿಕಾ ಜಾತಿಯ ಕಾಫಿಗೆ ಸಮುದ್ರಮಟ್ಟದಿಂದ 1,000ದಿಂದ 1,500 ಮೀಟರ್ ಎತ್ತರ ಹಿತ. ನಿಮ್ಮ ತೋಟದಲ್ಲಿ ಎತ್ತರದ ವ್ಯತ್ಯಾಸವಿದ್ದರೆ ಮೇಲಿನ ಭಾಗವನ್ನೇ ಆರಿಸಿ, ಏಕೆಂದರೆ ತಂಪಿನಲ್ಲಿ ಹಣ್ಣು ನಿಧಾನವಾಗಿ ಮಾಗುತ್ತದೆ, ಬೀಜ ಗಟ್ಟಿಯಾಗುತ್ತದೆ. ಪಶ್ಚಿಮದ ಇಳಿಜಾರು ಮುಂಗಾರಿನ ಗಾಳಿಗೂ ಮಧ್ಯಾಹ್ನದ ಬಿಸಿಲಿಗೂ ಒಡ್ಡಿಕೊಂಡಿರುವುದರಿಂದ ಉತ್ತರ ಅಥವಾ ಪೂರ್ವದ ಇಳಿಜಾರು ಮೇಲು. ಇವೆಲ್ಲಕ್ಕಿಂತ ಮುಖ್ಯವಾದುದು, ಆ ಬ್ಲಾಕ್ ಮನೆಗೆ ಅಥವಾ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರವಿರುವ ಪಲ್ಪರ್ ಮನೆಗೆ ಹತ್ತಿರವಿರಬೇಕು. ಸಂಜೆ ಹಣ್ಣು ಹೊತ್ತು ತರುವುದು ತಡವಾದಷ್ಟೂ ಉಳಿದ ಶ್ರಮ ವ್ಯರ್ಥವಾಗುತ್ತದೆ.

ತಳಿಯ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಿದೆ. ಹಳೆಯ ಎಸ್.795 ಗಿಡಗಳು ಆರೋಗ್ಯವಾಗಿದ್ದರೆ, ಮಧ್ಯ ಅಮೆರಿಕದಲ್ಲಿ ಹೆಸರು ಮಾಡಿದ ಯಾವುದೋ ತಳಿಯ ಆಸೆಗೆ ಅವುಗಳನ್ನು ಕೀಳಬೇಡಿ. ಲೈಬೀರಿಕಾ ಎಂಬ ಇನ್ನೊಂದು ಕಾಫಿ ಜಾತಿಯ ರಕ್ತವನ್ನು ಹೊತ್ತಿದ್ದ ಎಸ್.288ನ್ನು ಮೈಸೂರು ಸೀಮೆಯ ತೋಟವೊಂದರಲ್ಲಿ ಆಯ್ದ ಕೆಂಟ್ಸ್ ತಳಿಯೊಡನೆ ಕೂಡಿಸಿ ಬಾಳೆಹೊನ್ನೂರಿನ ವಿಜ್ಞಾನಿಗಳು 1940ರ ದಶಕದಲ್ಲಿ ಬಿಡುಗಡೆ ಮಾಡಿದ ಈ ತಳಿ, ಇಂಡೋನೇಷ್ಯಾಕ್ಕೂ ಹೋಗಿ ಅಲ್ಲಿ ಜೆಂಬರ್ ಎಂಬ ಹೆಸರಿನಲ್ಲಿ ಬೆಳೆಯುತ್ತಿದೆ. ಎಲೆತುಕ್ಕು ರೋಗಕ್ಕೆ ಅದರ ಪ್ರತಿರೋಧ ಈಗ ಕುಗ್ಗಿದೆ ಎಂಬುದು ನಿಜ, ಆದರೆ ಬಟ್ಟಲಿನಲ್ಲಿ ಅದಕ್ಕಿರುವ ಸಮತೋಲನ ಇಂದಿಗೂ ಮೆಚ್ಚುವಂಥದು. ಇಥಿಯೋಪಿಯದ ತಫಾರಿಕೆಲ ಮತ್ತು ಟಿಮೋರ್ ಹೈಬ್ರಿಡ್‌ನ ಸಂಕರವಾದ ಸೆಲೆಕ್ಷನ್ 9 ರುಚಿಯ ದೃಷ್ಟಿಯಿಂದ ಬಹಳ ಒಳ್ಳೆಯ ಆಯ್ಕೆ. 2007ರಲ್ಲಿ ಬಿಡುಗಡೆಯಾದ ಗಿಡ್ಡ ತಳಿ ಚಂದ್ರಗಿರಿ ತುಕ್ಕು ರೋಗವನ್ನು ಚೆನ್ನಾಗಿ ತಡೆಯುವುದರಿಂದ ಹೊಸದಾಗಿ ನೆಡುವವರಲ್ಲಿ ಅನೇಕರು ಅದನ್ನೇ ಆರಿಸುತ್ತಾರೆ. ಯಾವುದನ್ನೇ ನೆಟ್ಟರೂ ಬೀಜವನ್ನು 1925ರಿಂದ ಈ ಕೆಲಸದಲ್ಲಿರುವ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಿಂದ ತರಿಸಿಕೊಳ್ಳಿ. ಒಂದು ಬ್ಲಾಕಿನಲ್ಲಿ ಒಂದೇ ತಳಿ ಇರಲಿ. ಎತ್ತರದ ತಳಿಗೆ ಆರಡಿ-ಆರಡಿ ಅಂತರ ಕೊಟ್ಟರೆ ಎಕರೆಗೆ ಸುಮಾರು 1,200 ಗಿಡ ಕೂರುತ್ತವೆ, ನೆಟ್ಟ ಮೂರು ನಾಲ್ಕನೆಯ ವರ್ಷಕ್ಕೆ ಮೊದಲ ಫಸಲು ಕಾಣುತ್ತದೆ.

ನೆರಳು

ಜಗತ್ತಿನ ಅನೇಕ ಕಾಫಿ ಸೀಮೆಗಳು ಬಯಲಾದ ಬಿಸಿಲಿನಲ್ಲಿ ಬೆಳೆಯುವಾಗ ನಮ್ಮ ಹಿರಿಯರು ಕಾಡಿನ ಮರಗಳನ್ನು ಉಳಿಸಿಕೊಂಡು ಅದರಡಿ ಕಾಫಿ ಬೆಳೆದರು. ಸ್ಪೆಷಾಲಿಟಿ ಬೆಳೆಗಾರನಿಗೆ ಪರಂಪರೆಯಿಂದ ಬಂದ ಅತಿ ದೊಡ್ಡ ಆಸ್ತಿ ಇದು. ಮೇಲ್ತಟ್ಟಿನಲ್ಲಿ ಅತ್ತಿ, ಬಸರಿ, ಗೋಣಿ, ನೇರಳೆ, ಹಲಸು, ನಂದಿ, ಬೀಟೆ, ಕೆಳತಟ್ಟಿನಲ್ಲಿ ಹಾಲುವಾಣ. ಈ ಎರಡು ತಟ್ಟಿನ ನೆರಳು ಮಧ್ಯಾಹ್ನದ ಬಿಸಿಲನ್ನು ಸೋಸುತ್ತದೆ, ಮಣ್ಣಿನ ತೇವವನ್ನು ಹಿಡಿದಿಡುತ್ತದೆ, ಉದುರಿದ ಎಲೆ ಗೊಬ್ಬರವಾಗುತ್ತದೆ. ಇತ್ತೀಚಿನ ದಶಕಗಳಲ್ಲಿ ಮರಮುಟ್ಟಿಗೂ ಮೆಣಸಿನ ಬಳ್ಳಿ ಹಬ್ಬಿಸುವುದಕ್ಕೂ ಅನುಕೂಲವೆಂದು ಸಿಲ್ವರ್ ಓಕ್ ಎಲ್ಲ ಕಡೆ ತುಂಬಿಕೊಂಡಿದೆ. ಮೆಣಸಿನ ಆದಾಯವನ್ನು ಬಿಡಿ ಎಂದು ನಾನು ಹೇಳುವುದಿಲ್ಲ, ಕಾಫಿ ಬೆಲೆ ಬಿದ್ದ ವರ್ಷ ಮನೆ ನಡೆಸುವುದು ಅದೇ. ಆದರೆ ನೀವು ಆರಿಸಿಕೊಂಡ ಬ್ಲಾಕಿನಲ್ಲಿ ಹಳೆಯ ಕಾಡುಮರ ಒಂದನ್ನೂ ಕಡಿಯದೆ, ಖಾಲಿ ಬಿದ್ದ ಜಾಗದಲ್ಲಿ ಅತ್ತಿ ಗೋಣಿಯ ಸಸಿಗಳನ್ನೇ ನೆಡಿ.

ಮರಗಸಿಯ, ಅಂದರೆ ನೆರಳು ಮರಗಳ ಕೊಂಬೆ ಸವರುವ, ಕೆಲಸವನ್ನು ಗುತ್ತಿಗೆಗೆ ಕೊಟ್ಟು ಮರೆತುಬಿಡಬಾರದು. ಕೊಯ್ಲು ಮುಗಿದು ಮುಂಗಾರು ಹಿಡಿಯುವ ಮುನ್ನ, ಮಳೆಗಾಲದಲ್ಲಿ ಗಿಡಕ್ಕೆ ಬೆಳಕು ಮತ್ತು ಗಾಳಿ ಸಿಗುವಷ್ಟು ಕೊಂಬೆ ತೆಗೆಯಬೇಕು. ಹೆಚ್ಚು ತೆಗೆದರೆ ಅರೇಬಿಕಾದ ಬದ್ಧವೈರಿಯಾದ ಬಿಳಿ ಕಾಂಡಕೊರಕಕ್ಕೆ ಆಹ್ವಾನ ಕೊಟ್ಟಂತೆ, ಏಕೆಂದರೆ ಆ ದುಂಬಿ ಬಿಸಿಲು ಬಿದ್ದ ಕಾಂಡವನ್ನೇ ಹುಡುಕಿಕೊಂಡು ಬಂದು ತೊಗಟೆಯ ಸೀಳಿನಲ್ಲಿ ಮೊಟ್ಟೆ ಇಡುತ್ತದೆ. ಕಡಿಮೆ ತೆಗೆದರೆ ಜುಲೈ-ಆಗಸ್ಟ್‌ನ ಸೋನೆಯಲ್ಲಿ ಕೊಳೆರೋಗ ಹಬ್ಬುತ್ತದೆ. ಈ ರೋಗ ನಮ್ಮ ಸೀಮೆಗೆ ಎಷ್ಟು ಹಳೆಯದೆಂದರೆ, ಕೊಳೆರೋಗ ಎಂಬ ಕನ್ನಡ ಪದವೇ ಆ ಶಿಲೀಂಧ್ರದ ವೈಜ್ಞಾನಿಕ ಹೆಸರಿನೊಳಗೆ ಸೇರಿಹೋಗಿದೆ. ನೆರಳಿನ ಹದವನ್ನು ಪುಸ್ತಕದಿಂದ ಕಲಿಯಲಾಗದು; ಮಧ್ಯಾಹ್ನ ಬ್ಲಾಕಿನಲ್ಲಿ ನಿಂತು ನೆಲದ ಮೇಲೆ ಬೀಳುವ ಬಿಸಿಲಿನ ಚುಕ್ಕೆಗಳು ಸಮನಾಗಿ ಹರಡಿವೆಯೇ ಎಂದು ನೋಡಿ, ಎಲ್ಲಿ ಬಿಸಿಲು ಹಾಸಿ ಬಿದ್ದಿದೆಯೋ ಆ ಜಾಗವನ್ನು ಗುರುತು ಹಾಕಿಕೊಳ್ಳಿ.

ಗಿಡದ ಆರೋಗ್ಯ

ಇಲ್ಲಿ ಹೇಳುವ ಕೆಲಸಗಳಲ್ಲಿ ಹೆಚ್ಚಿನವು ಎಲ್ಲ ಬೆಳೆಗಾರರಿಗೂ ಗೊತ್ತಿರುವಂಥವು. ಗೊತ್ತಿಲ್ಲದಿರುವುದು ಅವಕ್ಕೂ ರುಚಿಗೂ ಇರುವ ನಂಟು. ಹಣ್ಣಿಗೆ ಸಿಹಿಯನ್ನು ಕೂಡಿಸುವುದು ಎಲೆ. ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ತುಕ್ಕು ತಗುಲಿ ಎಲೆ ಉದುರಿದ ಗಿಡದ ಕಾಯಿ ಬಣ್ಣ ತಿರುಗಿದರೂ ಒಳಗೆ ಬೀಜ ತುಂಬಿರುವುದಿಲ್ಲ. ನೀರಿಗೆ ಹಾಕಿದರೆ ತೇಲುತ್ತದೆ, ಬಟ್ಟಲಿನಲ್ಲಿ ಹುಲ್ಲಿನ ರುಚಿ ಕೊಡುತ್ತದೆ. ಆದ್ದರಿಂದ ಮುಂಗಾರಿಗೆ ಮುನ್ನ ಒಮ್ಮೆ ಮತ್ತು ಮಳೆ ಬಿಟ್ಟ ಮೇಲೆ ಇನ್ನೊಮ್ಮೆ ಶೇಕಡ 0.5ರ ಬೋರ್ಡೊ ದ್ರಾವಣವನ್ನು ಎಲೆಯ ಕೆಳಮೈ ನೆನೆಯುವಂತೆ ಹೊಡೆಯುವುದನ್ನು ಈ ಬ್ಲಾಕಿನಲ್ಲಿ ಯಾವ ಕಾರಣಕ್ಕೂ ತಪ್ಪಿಸಬೇಡಿ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 200 ಲೀಟರ್ ನೀರು ಎಂಬುದು ಅದರ ಅಳತೆ. ಕಲಸಿದ ದಿನವೇ ಮುಗಿಸಬೇಕು.

ಕಾಂಡಕೊರಕ ಹಾರಾಡುವುದು ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್ ಅವಧಿಯಲ್ಲಿ. ಅದಕ್ಕೆ ಮುಂಚೆ, ಅಂದರೆ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ತೊಗಟೆಯ ಮೇಲೆ ಉಬ್ಬುಗೆರೆ ಎದ್ದು ಎಲೆ ಹಳದಿಯಾದ ಗಿಡಗಳನ್ನು ಹುಡುಕಿ ಬೇರು ಸಹಿತ ಕಿತ್ತು ಸುಡಬೇಕು. ಉಳಿದ ಗಿಡಗಳ ಕಾಂಡವನ್ನು ಒರಟು ಬಟ್ಟೆಯಿಂದ ಉಜ್ಜಿ, ಶೇಕಡ 10ರ ಸುಣ್ಣದ ನೀರನ್ನು ಬಳಿಯುವುದು ಸಣ್ಣ ಬ್ಲಾಕಿನಲ್ಲಿ ಸಾಧ್ಯವಿರುವ, ವಿಷವಿಲ್ಲದ ಉಪಾಯ. ಕೊಯ್ಲಿನ ಕೊನೆಯಲ್ಲಿ ಗಿಡದಲ್ಲೂ ನೆಲದಲ್ಲೂ ಉಳಿದ ಹಣ್ಣನ್ನು ಒಂದೂ ಬಿಡದೆ ಹೆಕ್ಕಿದರೆ, 1990ರಲ್ಲಿ ಗೂಡಲೂರಿನ ಕಡೆ ಮೊದಲು ಕಾಣಿಸಿಕೊಂಡು ಇಲ್ಲಿಗೂ ಹರಡಿದ ಕಾಯಿಕೊರಕ ಮುಂದಿನ ವರ್ಷಕ್ಕೆ ದಾಟುವ ಸೇತುವೆ ಕಡಿದಂತಾಗುತ್ತದೆ. ಮಣ್ಣನ್ನು ಪರೀಕ್ಷೆ ಮಾಡಿಸಿ ಪಿಎಚ್ 6ರಿಂದ 6.5ರ ನಡುವೆ ಇರುವಂತೆ ಸುಣ್ಣ ಕೊಡಿ; ನಮ್ಮ ಮಳೆ ಮಣ್ಣನ್ನು ಹುಳಿಯಾಗಿಸುತ್ತಲೇ ಇರುತ್ತದೆ. ಗೊಬ್ಬರವನ್ನು ಆ ಪರೀಕ್ಷೆಯ ಫಲಿತಾಂಶ ನೋಡಿಯೇ ನಿರ್ಧರಿಸಿ.

ಮಾರ್ಚ್-ಏಪ್ರಿಲ್‌ನ ಹೂಮಳೆ ಬೆಳೆಯ ಪ್ರಮಾಣವನ್ನು ನಿರ್ಧರಿಸುತ್ತದೆಂದು ಎಲ್ಲರೂ ಬಲ್ಲರು. ಅದು ಗುಣವನ್ನೂ ನಿರ್ಧರಿಸುತ್ತದೆ. ಒಂದೇ ಹದವಾದ ಮಳೆಗೆ ಇಡೀ ಬ್ಲಾಕ್ ಒಟ್ಟಿಗೆ ಹೂ ಬಿಟ್ಟರೆ ಎಂಟು ಒಂಬತ್ತು ತಿಂಗಳ ನಂತರ ಹಣ್ಣೂ ಒಟ್ಟಿಗೆ ಬರುತ್ತದೆ. ಅಷ್ಟಿಷ್ಟು ಹನಿಸಿ ಹೋದ ಮಳೆಗೆ ಮೂರು ಬಾರಿ ಹೂ ಬಿಟ್ಟರೆ ಗಿಡದ ಒಂದೇ ರೆಕ್ಕೆಯ (ಅಡ್ಡಕೊಂಬೆಯ) ಮೇಲೆ ಹಸಿರು, ಹಳದಿ, ಕೆಂಪು ಮೂರೂ ನಿಂತಿರುತ್ತವೆ. ಕೆರೆಯಲ್ಲಿ ನೀರಿದ್ದು ಸ್ಪ್ರಿಂಕ್ಲರ್ ಇರುವವರು ಬೇರೆ ಕಡೆಗೆ ಕಡಿಮೆ ಮಾಡಿಯಾದರೂ ಈ ಬ್ಲಾಕಿಗೆ ಸಕಾಲದಲ್ಲಿ ಒಂದು ಅಂಗುಲದಿಂದ ಒಂದೂವರೆ ಅಂಗುಲ ನೀರು ಕೊಡುವುದು ಲಾಭದ ಮಾತು. ಹೂ ಬಿಟ್ಟ ದಿನಾಂಕವನ್ನು ಬರೆದಿಡಿ.

ಕೊಯ್ಲು

ನನ್ನ ದೃಷ್ಟಿಯಲ್ಲಿ ಸ್ಪೆಷಾಲಿಟಿ ಕಾಫಿಯ ಅರ್ಧ ಭಾಗ ಕೊಯ್ಲಿನಲ್ಲೇ ಗೆಲ್ಲುತ್ತದೆ ಅಥವಾ ಸೋಲುತ್ತದೆ. ಅದಕ್ಕೆ ಅಡ್ಡಿಯಾಗಿರುವುದು ಕೊಯ್ಯುವವರ ಅಜ್ಞಾನವಲ್ಲ, ನಾವು ಕೂಲಿ ಕೊಡುವ ಕ್ರಮ. ಕಿಲೋ ಲೆಕ್ಕದಲ್ಲಿ ಕೂಲಿ ಕೊಟ್ಟಾಗ ರೆಕ್ಕೆಯನ್ನು ಒಮ್ಮೆಗೇ ಸವರಿಕೊಂಡು ಹೋಗುವವರಿಗೆ ಹೆಚ್ಚು ಹಣ ಸಿಗುತ್ತದೆ, ಒಂದೊಂದೇ ಹಣ್ಣನ್ನು ಆರಿಸುವವರಿಗೆ ನಷ್ಟವಾಗುತ್ತದೆ. ಹಣ್ಣಾದದ್ದನ್ನು ಮಾತ್ರ ಕೊಯ್ಯಿರಿ ಎಂದು ಬೆಳಿಗ್ಗೆ ಹೇಳಿ ಸಂಜೆ ತೂಕ ನೋಡಿ ಹಣ ಕೊಡುವುದು ನ್ಯಾಯವಲ್ಲ. ಈ ಬ್ಲಾಕಿಗೆ ದಿನಗೂಲಿ ಕೊಡಿ, ಬುಟ್ಟಿಯಲ್ಲಿ ಹಸಿಕಾಯಿ ಬಾರದಿದ್ದರೆ ಅದರ ಮೇಲೆ ಹೆಚ್ಚುವರಿ ಹಣವನ್ನೂ ಕೊಡಿ. ಅಸ್ಸಾಮಿನಿಂದಲೋ ಉತ್ತರ ಕರ್ನಾಟಕದಿಂದಲೋ ಬಂದು ಲೈನ್ ಮನೆಯಲ್ಲಿ ಉಳಿದ ಕಾರ್ಮಿಕರಿಗೆ ಮಾತಿಗಿಂತ ಕೈಗೆ ಕೊಟ್ಟ ಮಾದರಿ ಹಣ್ಣು ಬೇಗ ಅರ್ಥವಾಗುತ್ತದೆ; ಸರಿಯಾದ ಬಣ್ಣದ ಹತ್ತು ಹಣ್ಣುಗಳನ್ನು ದಿನವೂ ಹೊಸದಾಗಿ ಆರಿಸಿ ತೋರಿಸಬೇಕು. ನಾಲ್ಕೈದು ಮಂದಿಯ ಒಂದು ಗುಂಪನ್ನು ಇದೇ ಕೆಲಸಕ್ಕೆ ಪಳಗಿಸಿ, ಕೊಯ್ಲಿನ ಕಾಲವೆಲ್ಲ ಅದೇ ಗುಂಪನ್ನು ಉಳಿಸಿಕೊಳ್ಳಿ. ಈ ಖರ್ಚನ್ನು ಲೆಕ್ಕದಲ್ಲಿ ಮೊದಲೇ ಸೇರಿಸಿ ಬೆಲೆ ಕೇಳಬೇಕು. ಕಾರ್ಮಿಕರ ಕೂಲಿಯನ್ನು ಹಿಂಡಿ ತೆಗೆದ ಒಳ್ಳೆಯ ಕಾಫಿಯನ್ನು ನಾನು ಒಳ್ಳೆಯ ಕಾಫಿ ಎನ್ನಲಾರೆ.

ಅರೇಬಿಕಾದ ಕೊಯ್ಲು ನವೆಂಬರ್‌ನಿಂದ ಜನವರಿಯವರೆಗೆ ನಡೆಯುತ್ತದೆ. ಸಾಮಾನ್ಯ ತೋಟದಲ್ಲಿ ಎರಡು ಮೂರು ಸುತ್ತಿಗೆ ಮುಗಿಯುವ ಕೊಯ್ಲು ಇಲ್ಲಿ ಹತ್ತು ಹನ್ನೆರಡು ದಿನಕ್ಕೊಮ್ಮೆಯಂತೆ ನಾಲ್ಕೈದು ಸುತ್ತು ಆಗಬಹುದು. ಪೂರ್ತಿ ಕೆಂಪಾಗಿ, ಹಿಸುಕಿದರೆ ಬೀಜ ಸರಕ್ಕನೆ ಜಾರಿ ಬರುವ ಹಣ್ಣು ತಕ್ಕುದು. ರಸದ ಸಿಹಿಯನ್ನು ಅಳೆಯುವ ರಿಫ್ರಾಕ್ಟೋಮೀಟರ್ ಎಂಬ ಚಿಕ್ಕ ಉಪಕರಣವನ್ನು ಕೊಂಡುಕೊಳ್ಳಿ, ಬೆಲೆ ಹೆಚ್ಚಲ್ಲ. ಬ್ರಿಕ್ಸ್ ಅಳತೆ 18ರಿಂದ 22ರ ಆಸುಪಾಸಿನಲ್ಲಿದ್ದರೆ ಹಣ್ಣು ಹದಕ್ಕೆ ಬಂದಿದೆ ಎನ್ನಬಹುದು. ಮೊದಲ ಸುತ್ತಿನಲ್ಲಿ ಹುಳುಕು ಹಿಡಿದದ್ದು, ಅವಧಿಗೆ ಮುಂಚೆ ಕೆಂಪಾದದ್ದು ಹೆಚ್ಚಿರುತ್ತವೆ, ಕೊನೆಯ ಸುತ್ತಿನಲ್ಲಿ ಒಣಗಿದ್ದು ಮತ್ತು ಹಸಿರು ಬೆರೆತಿರುತ್ತವೆ. ಆದ್ದರಿಂದ ನಡುವಿನ ಎರಡು ಮೂರು ಸುತ್ತುಗಳನ್ನು ಮಾತ್ರ ಸ್ಪೆಷಾಲಿಟಿಗೆಂದು ಬೇರ್ಪಡಿಸಿ, ಉಳಿದದ್ದನ್ನು ಎಂದಿನ ಕಾಫಿಯೊಡನೆ ಸೇರಿಸಿ.

ಸಂಜೆ ಹಣ್ಣನ್ನು ನೀರಿನ ತೊಟ್ಟಿಗೆ ಸುರಿದು ತೇಲಿದ್ದನ್ನೆಲ್ಲ ತೆಗೆಯಿರಿ, ಮುಳುಗಿದ್ದನ್ನು ತಟ್ಟಿಯ ಮೇಲೆ ಹರಡಿ ಮತ್ತೊಮ್ಮೆ ಕೈಯಿಂದ ಆರಿಸಿ. ಹೀಗೆ ಆರಿಸಿದ 500 ಕಿಲೋ ಹಣ್ಣಿನಿಂದ ಸುಮಾರು 100 ಕಿಲೋ ಪಾರ್ಚ್‌ಮೆಂಟ್ (ತೆಳು ಹೊರಸಿಪ್ಪೆ ಇನ್ನೂ ಉಳಿದಿರುವ ಒಣ ಬೀಜ), ಅದರಿಂದ ಸುಮಾರು 80 ಕಿಲೋ ಹಸಿರು ಬೀಜ ದೊರೆಯುತ್ತದೆ. ಮೊದಲ ವರ್ಷಕ್ಕೆ ಹೀಗೆ ಬೇರೆಯಾಗಿಟ್ಟ ಎರಡು ಮೂರು ಕಂತು, ಅಂದರೆ ಲಾಟ್, ಸಾಕು.

ಪಲ್ಪರ್‌ನಿಂದ ಕಣಕ್ಕೆ

ಕೊಯ್ದ ದಿನವೇ ಪಲ್ಪ್ ಮಾಡಬೇಕು. ಬೀಜಕ್ಕೆ ಗಾಯವಾಗದಂತೆ ಪಲ್ಪರ್‌ನ ಅಂತರವನ್ನು ಆ ದಿನದ ಹಣ್ಣಿನ ಗಾತ್ರಕ್ಕೆ ಹೊಂದಿಸಿ, ಮೊದಲ ಬುಟ್ಟಿಯ ಬೀಜಗಳನ್ನು ಅಂಗೈಯಲ್ಲಿ ಹಿಡಿದು ನೋಡಿಯೇ ಮುಂದುವರಿಯಿರಿ. ಲೋಳೆ ಹತ್ತಿದ ಬೀಜ ತೊಟ್ಟಿಯಲ್ಲಿ ಹುದುಗಲು ನಮ್ಮ ಡಿಸೆಂಬರ್‌ನ ಚಳಿಗೆ 24ರಿಂದ 36 ಗಂಟೆ ಹಿಡಿಯುತ್ತದೆ. ಗಡಿಯಾರವನ್ನು ಮಾತ್ರ ನಂಬಬಾರದು. ಒಂದು ಹಿಡಿ ಬೀಜವನ್ನು ನೀರಿನಲ್ಲಿ ಉಜ್ಜಿದಾಗ ಜಾರುವುದು ನಿಂತು ಸಣ್ಣ ಜಲ್ಲಿಕಲ್ಲಿನಂತೆ ಸದ್ದು ಮಾಡಿದರೆ, ತೊಟ್ಟಿಗೆ ಚುಚ್ಚಿ ತೆಗೆದ ಕೋಲಿನ ತೂತು ಮುಚ್ಚಿಕೊಳ್ಳದೆ ಹಾಗೇ ನಿಂತರೆ, ತಡಮಾಡದೆ ತೊಳೆಯಬೇಕು. ನಾನು ಆರಂಭಿಸಿದ ಎರಡನೆಯ ವರ್ಷ, ಮದುವೆಯೊಂದಕ್ಕೆ ಹೋಗಿ ಅರ್ಧ ದಿನ ತಡವಾಗಿ ತೊಳೆದ ಒಂದು ತೊಟ್ಟಿಯ ಕಾಫಿ ನೋಟಕ್ಕೆ ಎಲ್ಲದರಂತೆಯೇ ಇತ್ತು. ತೊಟ್ಟಿಯ ಮೂಲೆಯಲ್ಲಿ ಹಿಂದಿನ ಬಾರಿಯ ಕೆಲವು ಬೀಜಗಳೂ ಉಳಿದಿದ್ದವು. ಹುರಿದಾಗ ಕೊಳೆತ ವಾಸನೆ ಬಂದು ಇಡೀ ಲಾಟ್ ಸಾಧಾರಣ ಬೆಲೆಗೆ ಹೋಯಿತು. ಕೊಳೆತ ಬೀಜ ಒಂದೇ ಒಂದು ಬೆರೆತರೂ ಬಟ್ಟಲು ಕೆಡುತ್ತದೆ. ತೊಟ್ಟಿ, ಪಲ್ಪರ್, ಕಾಲುವೆಗಳನ್ನು ಪ್ರತಿ ಬಾರಿಯೂ ಬೀಜವೊಂದೂ ಉಳಿಯದಂತೆ ತೊಳೆಯುವುದು ಆ ದಿನದಿಂದ ನಮ್ಮಲ್ಲಿ ಕಡ್ಡಾಯವಾಗಿದೆ.

ಪಲ್ಪಿಂಗ್ ನೀರನ್ನು ಹಳ್ಳಕ್ಕೆ ಬಿಡಬಾರದು. ಭದ್ರಾ, ಹೇಮಾವತಿ, ಕಾವೇರಿಯ ಮೇಲ್ಸೀಮೆಯಲ್ಲಿ ನಾವು ತೋಟ ಮಾಡುತ್ತಿದ್ದೇವೆ. ಆ ಹುಳಿ ನೀರು ಹಳ್ಳದ ಮೀನನ್ನು ಕೊಂದು, ಕೆಳಗಿನ ಊರಿನವರ ಕುಡಿಯುವ ನೀರಿಗೆ ಸೇರುತ್ತದೆ. ತೊಟ್ಟಿಯಲ್ಲಿ ಸುಣ್ಣ ಬೆರೆಸಿ ಹುಳಿ ಕಳೆದು, ತಂಗಲು ಬಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ನಿಯಮದಂತೆ ಸಂಸ್ಕರಿಸಿದ ಮೇಲೆಯೇ ಹೊರಬಿಡಿ. ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಹಾಕಿ. ನೀರಿನ ಕೊರತೆ ಇರುವವರು ಹಣ್ಣನ್ನು ಇಡಿಯಾಗಿ ಒಣಗಿಸುವ ನ್ಯಾಚುರಲ್ ಕ್ರಮವನ್ನೋ, ಪಲ್ಪ್ ಮಾಡಿ ಲೋಳೆ ಸಮೇತ ಒಣಗಿಸುವ ಹನಿ (ಜೇನು ಎಂಬ ಅರ್ಥದ ಇಂಗ್ಲಿಷ್ ಪದ) ಕ್ರಮವನ್ನೋ ಆರಿಸಬಹುದು. ಗಾಳಿಯಾಡದ ಡ್ರಮ್ಮಿನಲ್ಲಿ ಹುದುಗಿಸುವ ಅನರೋಬಿಕ್ ಕ್ರಮಕ್ಕೆ ಈಗ ಬೇಡಿಕೆ ಇರುವುದು ನಿಜ. ಆದರೆ ಮೇಲೆ ಹೇಳಿದಂತೆ ಹುದುಗಿಸಿ ತೊಳೆದ ಕಾಫಿಯಲ್ಲಿ ಎರಡು ವರ್ಷ ಒಂದೇ ಬಗೆಯ ರುಚಿಯನ್ನು ತರಲು ಸಾಧ್ಯವಾದವರು ಮಾತ್ರ ಅದಕ್ಕೆ ಕೈ ಹಾಕಬೇಕೆಂದು ನನ್ನ ಸಲಹೆ. ಹುದುಗಿನ ಘಾಟು ತೋಟದ ರುಚಿಯನ್ನು ಮುಚ್ಚಿಬಿಟ್ಟರೆ ಬ್ಲಾಕನ್ನು ಬೇರ್ಪಡಿಸಿದ್ದಕ್ಕೆ ಅರ್ಥವೇ ಇರುವುದಿಲ್ಲ.

ಒಣಗಿಸುವುದಕ್ಕೆ ನೆಲಕ್ಕಿಂತ ಸೊಂಟದೆತ್ತರದ ಬಲೆಯ ಮಂಚಗಳು ಮೇಲು, ಏಕೆಂದರೆ ಗಾಳಿ ಕೆಳಗಿನಿಂದಲೂ ಆಡುತ್ತದೆ, ಮಣ್ಣಿನ ವಾಸನೆ ಹತ್ತುವುದಿಲ್ಲ. ಪಾರ್ಚ್‌ಮೆಂಟನ್ನು ತೆಳುವಾಗಿ ಹರಡಿ ಗಂಟೆಗೊಮ್ಮೆ ಕೈಯಾಡಿಸಿ. ನಡು ಮಧ್ಯಾಹ್ನ ಸಿಪ್ಪೆ ಬಿರಿಯದಂತೆ ನೆರಳು ಬಲೆ ಎಳೆಯಿರಿ, ಸಂಜೆ ಇಬ್ಬನಿ ಬೀಳುವ ಮುನ್ನ ಮುಚ್ಚಿ. ತೊಳೆದ ಕಾಫಿಗೆ ಎಂಟರಿಂದ ಹನ್ನೆರಡು ದಿನ, ಇಡೀ ಹಣ್ಣಿಗೆ ಮೂರು ವಾರದಷ್ಟು ಕಾಲ ಬೇಕಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಡಿಸೆಂಬರ್‌ನಲ್ಲೂ ಅಕಾಲದ ಮಳೆ ಬರುತ್ತಿರುವುದರಿಂದ ಮಂಚದ ಮೇಲೆ ಪಾರದರ್ಶಕ ಹಾಳೆಯ ಮಾಡು ಹಾಕಿಸುವುದು ಪಲ್ಪರ್ ಬದಲಾಯಿಸುವುದಕ್ಕಿಂತ ಮೊದಲು ಮಾಡಬೇಕಾದ ಖರ್ಚು. ತೇವಾಂಶವನ್ನು ಹಲ್ಲಿನಲ್ಲಿ ಕಚ್ಚಿ ಅಂದಾಜು ಮಾಡದೆ ಮೀಟರ್‌ನಲ್ಲಿ ಅಳೆಯಿರಿ, ಶೇಕಡ 10.5ರಿಂದ 11ಕ್ಕೆ ಬಂದಾಗ ನಿಲ್ಲಿಸಿ.

ಒಣಗಿದ ಪಾರ್ಚ್‌ಮೆಂಟನ್ನು ಗಾಳಿ ತೂರದ ಒಳಚೀಲವಿರುವ ಗೋಣಿಯಲ್ಲಿ ಕಟ್ಟಿ, ಮರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ, ಗೊಬ್ಬರ ಮತ್ತು ಡೀಸೆಲ್ ಇರುವ ಕೋಣೆಯಿಂದ ದೂರ ಇಡಬೇಕು. ಆರೇಳು ವಾರ ಹೀಗೆ ವಿಶ್ರಾಂತಿ ಸಿಕ್ಕಿದರೆ ರುಚಿ ನೆಲೆಗೊಳ್ಳುತ್ತದೆ. ಮಳೆಗಾಲದ ಗಾಳಿಗೆ ಬೀಜ ಉಬ್ಬಿ ಬಿಳಿಚುವುದು ಮಾನ್ಸೂನ್ಡ್ ಮಲಬಾರ್ ಕಾಫಿಗೆ ಬೇಕಾದ ಗುಣ, ನಿಮ್ಮ ಕಾಫಿಗೆ ಅದು ಕೇಡು. ಜೂನ್ ಒಳಗೆ ಮಾರಾಟ ಮುಗಿಸಿ, ಪಾರ್ಚ್‌ಮೆಂಟಿನ ಸಿಪ್ಪೆಯನ್ನು ಕಾಫಿ ಸಾಗಿಸುವ ಮುನ್ನವಷ್ಟೇ ತೆಗೆಸಿ.

ರೊಬಸ್ಟಾ ಬೆಳೆಯುವವರಿಗೆ

ಕೊಡಗಿನಲ್ಲೂ ಸಕಲೇಶಪುರದ ತಗ್ಗು ಭಾಗದಲ್ಲೂ ರೊಬಸ್ಟಾ ಇರುವವರು ಈ ದಾರಿ ತಮ್ಮದಲ್ಲವೆಂದು ತಿಳಿಯಬೇಕಿಲ್ಲ. ಫೈನ್ ರೊಬಸ್ಟಾ ಎನ್ನುವ ಉತ್ತಮ ದರ್ಜೆಯ ರೊಬಸ್ಟಾಕ್ಕೆ ಪ್ರತ್ಯೇಕ ರುಚಿಪರೀಕ್ಷಾ ಕ್ರಮವಿದೆ, ಅಲ್ಲೂ 80ರ ಗೆರೆಯೇ ಇದೆ. ತೊಳೆದ ರೊಬಸ್ಟಾದ ಆಯ್ದ ದರ್ಜೆಯಾದ ಕಾಪಿ ರಾಯಲ್ ಎಸ್ಪ್ರೆಸೊ ಮಾಡುವವರಿಗೆ ಬಹುಕಾಲದಿಂದ ಪರಿಚಿತ. ಎಸ್.274 ಗಟ್ಟಿಯಾದ ತಳಿ, ಸಿಎಕ್ಸ್‌ಆರ್ ಮೃದು ರುಚಿಯದು. ಸ್ಪೆಷಾಲಿಟಿಗೆ ನಾನು ಎರಡನೆಯದನ್ನು ಆರಿಸುವೆ. ಲೋಳೆ ದಪ್ಪವಾಗಿರುವುದರಿಂದ ಹುದುಗುವಿಕೆಗೆ ಅರೇಬಿಕಾಗಿಂತ ಹೆಚ್ಚು ಕಾಲ ಬೇಕು. ಮಾಗಿದ ರೊಬಸ್ಟಾ ಹಣ್ಣು ಬೇಗ ಉದುರದೆ ಗಿಡದಲ್ಲೇ ನಿಲ್ಲುವುದರಿಂದ ಪೂರ್ತಿ ಕೆಂಪಾಗುವವರೆಗೆ ಕಾಯುವುದು ಸುಲಭ. ರೊಬಸ್ಟಾ ಪರಪರಾಗದಿಂದಲೇ ಕಾಯಿ ಕಟ್ಟುವ ಗಿಡ. ಹೂವಿನ ದಿನಗಳಲ್ಲಿ ಯಾವ ಔಷಧಿಯನ್ನೂ ಹೊಡೆಯದೆ, ಬ್ಲಾಕಿನ ಅಂಚಿನಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳನ್ನಿಡಿ.

ಬಟ್ಟಲು

ಚಿಕೋರಿ ಬೆರೆಸಿ, ಹಾಲು ಸಕ್ಕರೆ ಹಾಕಿ ಕುಡಿಯುವ ನಮ್ಮ ಫಿಲ್ಟರ್ ಕಾಫಿಯ ಬಗ್ಗೆ ನನಗೆ ಪ್ರೀತಿಯಿದೆ. ಆದರೆ ತೋಟದ ಗುಣದೋಷ ತಿಳಿಯುವುದಕ್ಕೆ ಅದು ಸಾಧನವಾಗದು. ತಿಳಿಯಾಗಿ ಹುರಿದು ಎಂಟು ಗಂಟೆ ಕಳೆದ, ಒಂದು ದಿನ ದಾಟದ ಕಾಫಿಯನ್ನು ತರಿಯಾಗಿ ಪುಡಿ ಮಾಡಿ, 150 ಮಿಲಿಲೀಟರ್ ನೀರಿಗೆ 8.25 ಗ್ರಾಂನಂತೆ ಒಂದೇ ಲಾಟಿನಿಂದ ಐದು ಬಟ್ಟಲುಗಳಿಗೆ ಹಾಕಿ. 93 ಡಿಗ್ರಿಯ ನೀರು ಸುರಿದು ನಾಲ್ಕು ನಿಮಿಷ ಬಿಟ್ಟು, ಮೇಲೆ ಕಟ್ಟಿದ ಪದರವನ್ನು ಚಮಚದಿಂದ ಸರಿಸುತ್ತ ಮೂಸಿ, ನೊರೆ ತೆಗೆದು, ಸ್ವಲ್ಪ ಆರಿದ ಮೇಲೆ ಸೊರ್ರೆಂದು ಹೀರಿ. ಐದೂ ಬಟ್ಟಲುಗಳು ಒಂದೇ ರೀತಿ ಇವೆಯೇ, ಆರುತ್ತ ಹೋದಂತೆ ಸಿಹಿ ಹೆಚ್ಚುತ್ತದೆಯೇ ಅಥವಾ ಒಗರು ಮೇಲೇಳುತ್ತದೆಯೇ ಎಂಬುದನ್ನು ಗಮನಿಸಿ. ಒಂದು ಬಟ್ಟಲು ಮಾತ್ರ ಬೇರೆಯಾಗಿದ್ದರೆ ದೋಷ ಆರಿಸುವಿಕೆಯಲ್ಲಿದೆ. ಐದೂ ಒಗರಾಗಿದ್ದರೆ ಹಸಿಕಾಯಿ ಬೆರೆತಿರುವ ಸಂಭವ ಹೆಚ್ಚು.

ನಿಮ್ಮ ನಾಲಿಗೆಯ ತೀರ್ಪಿನ ಜೊತೆಗೆ ಹೊರಗಿನ ತೀರ್ಪೂ ಬೇಕು. ಬೆಂಗಳೂರಿನ ಕಾಫಿ ಮಂಡಳಿಯ ಗುಣಮಟ್ಟ ಪ್ರಯೋಗಾಲಯಕ್ಕೆ ಮಾದರಿ ಕಳಿಸಿ ಅಂಕ ಪಡೆಯಿರಿ. ಮಂಡಳಿ ನಡೆಸುವ ಕಾಫಿ ರುಚಿಯ ಸ್ಪರ್ಧೆಗೂ ಕಳಿಸಬಹುದು. ನಿಮ್ಮ ತೋಟ ಆ ಸೀಮೆಯೊಳಗಿದ್ದರೆ, 2019ರಲ್ಲಿ ಭೌಗೋಳಿಕ ಗುರುತು ಪಡೆದ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎಂಬ ಹೆಸರುಗಳ ಬಳಕೆಗೆ ನೋಂದಾಯಿಸಿಕೊಳ್ಳಿ. ಕೊಳ್ಳುವವರಿಗೆ ಮಾದರಿ ಕಳಿಸುವಾಗ ಅರ್ಧ ಕಿಲೋ ಬೀಜದೊಂದಿಗೆ ಬ್ಲಾಕಿನ ಎತ್ತರ, ತಳಿ, ಕೊಯ್ದ ದಿನ, ಹುದುಗಿಸಿದ ಗಂಟೆ, ಒಣಗಿದ ದಿನಗಳು, ತೇವಾಂಶ ಇಷ್ಟನ್ನು ಒಂದು ಹಾಳೆಯಲ್ಲಿ ಬರೆಯಿರಿ. ಮಾದರಿ ಮತ್ತು ಸರಕು ಒಂದೇ ಲಾಟಿನಿಂದ ಬಂದಿರಬೇಕು. ಒಮ್ಮೆ ಅದು ತಪ್ಪಿದರೆ ಆ ಕೊಳ್ಳುವವರು ಮತ್ತೆ ಬರುವುದಿಲ್ಲ. ಉತ್ಪಾದನೆಯ ಖರ್ಚನ್ನು ಕಿಲೋ ಲೆಕ್ಕದಲ್ಲಿ ಬರೆದಿಟ್ಟುಕೊಂಡು, ಪೇಟೆಯ ಧಾರಣೆಯನ್ನಲ್ಲ, ಆ ಖರ್ಚನ್ನು ಆಧಾರವಾಗಿಟ್ಟುಕೊಂಡು ಬೆಲೆ ಹೇಳಿ.

ಪ್ರತಿ ಲಾಟಿನಿಂದ ಒಂದು ಕಿಲೋವನ್ನು ಮುಚ್ಚಳ ಭದ್ರವಾದ ಡಬ್ಬಿಯಲ್ಲಿ ತೋಟದಲ್ಲೇ ಉಳಿಸಿಕೊಳ್ಳಿ. ಅಂಕದ ಹಾಳೆ ಬಂದಾಗ ಆ ಡಬ್ಬಿಯ ಕಾಫಿಯನ್ನು ಮತ್ತೊಮ್ಮೆ ಹುರಿದು, ಕೊಯ್ದ ಗುಂಪಿನವರನ್ನೂ ಕಣ ನೋಡಿಕೊಂಡವರನ್ನೂ ಕೂರಿಸಿಕೊಂಡು ಕುಡಿಯಿರಿ, ಪರೀಕ್ಷಕರು ಬರೆದದ್ದನ್ನು ಅವರಿಗೆ ಓದಿ ಹೇಳಿ. ಆಮೇಲೆ ಹೂವಿನ ದಿನಾಂಕ, ಗುರುತು ಹಾಕಿದ ಬಿಸಿಲಿನ ಜಾಗ ಮತ್ತು ಕೊಯ್ಲಿನ ಸುತ್ತುಗಳನ್ನು ಬರೆದ ಪುಸ್ತಕದಲ್ಲಿ ಆಯಾ ಲಾಟಿನ ಎದುರು ಅಂಕವನ್ನು ಬರೆದು, ಮರಗಸಿಯವರು ಮರ ಹತ್ತುವ ಮೊದಲು ಆ ಪುಸ್ತಕವನ್ನು ಹಿಡಿದು ಬ್ಲಾಕಿಗೆ ಹೋಗಿ.